ಕ್ಯಾಮೆರಾ ಹಿಡಿಯದ ದಿನಗಳ ಲೆಕ್ಕ: ಸಣ್ಣ ವಿಡಿಯೋ ಕಂಪನಿ ನಡೆಸುವವರ ಅನುಭವ

ಪ್ರಶ್ನೆ, ದಾವಣಗೆರೆಯಿಂದ:

ನಾವು ಇಬ್ಬರು ಸ್ನೇಹಿತರು ಸೇರಿ ಸಣ್ಣ ವಿಡಿಯೋ ಕಂಪನಿ ಶುರು ಮಾಡಿದ್ದೇವೆ. ಜೊತೆಗೆ ಸಂಬಳಕ್ಕೆ ಒಬ್ಬ ಎಡಿಟರ್ ಇದ್ದಾನೆ. ಮದುವೆ, ಕಾಲೇಜು ಕಾರ್ಯಕ್ರಮ, ಈಚೆಗೆ ಆಸ್ಪತ್ರೆ ಮತ್ತು ಫ್ಯಾಕ್ಟರಿಗಳ ಪರಿಚಯದ ವಿಡಿಯೋ ಮಾಡುತ್ತೇವೆ. ಕೆಲಸಕ್ಕೆ ಬರವಿಲ್ಲ. ಆದರೆ ತಿಂಗಳ ಕೊನೆಗೆ ಕೈಯಲ್ಲಿ ದುಡ್ಡು ಉಳಿಯುವುದಿಲ್ಲ. ಎಡಿಟಿಂಗ್ ಬಾಕಿ ಬೆಳೆಯುತ್ತಲೇ ಇದೆ. ಕ್ಲೈಂಟ್ ಫೋನ್ ಬಂದರೆ ಎತ್ತಲು ಹೆದರಿಕೆ. ನೀವೆಲ್ಲ ದಿನದ ಕೆಲಸ ಹೇಗೆ ನಡೆಸುತ್ತೀರಿ? ನಾವು ಮೊದಲು ಏನನ್ನು ಸರಿ ಮಾಡಿಕೊಳ್ಳಬೇಕು?

ಹುಬ್ಬಳ್ಳಿಯಿಂದ:

ನಮ್ಮದು ನಾಲ್ಕು ಜನರ ಕಂಪನಿ. ಹೆಚ್ಚಾಗಿ ಫ್ಯಾಕ್ಟರಿ, ಶಿಕ್ಷಣ ಸಂಸ್ಥೆ, ಸಹಕಾರಿ ಬ್ಯಾಂಕುಗಳ ಕೆಲಸ. ನಿಮ್ಮ ಪ್ರಶ್ನೆ ಓದಿದಾಗ ಒಂದು ಅನ್ನಿಸಿತು. ನೀವು ಶೂಟ್ ದಿನಕ್ಕೆ ರೇಟ್ ಹಾಕುತ್ತಿದ್ದೀರಿ, ಉಳಿದ ದಿನಗಳಿಗೆ ಹಾಕುತ್ತಿಲ್ಲ.

ಒಂದು ದಿನದ ಫ್ಯಾಕ್ಟರಿ ಶೂಟ್ ತಗೊಳ್ಳಿ. ಅದಕ್ಕೂ ಮುಂಚೆ ಮೀಟಿಂಗ್ ಇದೆ, ಜಾಗ ನೋಡಿಕೊಂಡು ಬರುವುದಿದೆ, ಸ್ಕ್ರಿಪ್ಟ್ ಬರೆದು ಒಪ್ಪಿಸುವುದಿದೆ. ಆಮೇಲೆ ಡೇಟಾ ಕಾಪಿ, ಸೌಂಡ್ ಸಿಂಕ್ (ಸದ್ದನ್ನು ದೃಶ್ಯಕ್ಕೆ ಹೊಂದಿಸುವುದು), ಎಡಿಟ್, ವಾಯ್ಸ್ ಓವರ್, ಕಲರಿಂಗ್, ಕರೆಕ್ಷನ್. ಕೊನೆಗೆ ಬ್ಯಾಲೆನ್ಸ್‌ಗೆ ಫೋನ್ ಮೇಲೆ ಫೋನ್. ಕ್ಯಾಮೆರಾ ಮುಟ್ಟುವುದು ಒಂದೇ ದಿನ, ಮುಟ್ಟದ ದಿನಗಳೇ ಜಾಸ್ತಿ. ಆ ದಿನಗಳು ಕೊಟೇಶನ್‌ನಲ್ಲಿ ಇಲ್ಲದಿದ್ದರೆ ಅವುಗಳ ಖರ್ಚು ನಿಮ್ಮ ಜೇಬಿನಿಂದಲೇ ಹೋಗುತ್ತದೆ.

ಹಾಗಾಗಿ ಮೊದಲು ಒಂದು ತಿಂಗಳು ಸುಮ್ನೆ ಬರೆದಿಡಿ. ಯಾವ ಪ್ರಾಜೆಕ್ಟ್‌ಗೆ ಯಾರು ಎಷ್ಟು ಹೊತ್ತು ಕೂತರು, ಅಷ್ಟೇ. ಗೋಡೆಗೆ ಬಿಳಿ ಬೋರ್ಡ್ ಹಾಕಿದರೂ ಸಾಕು. ಯಾವ ಕೆಲಸ ನಿಮ್ಮನ್ನು ಸಾಕುತ್ತಿದೆ, ಯಾವುದನ್ನು ನೀವು ಸಾಕುತ್ತಿದ್ದೀರಿ ಅನ್ನುವುದು ಅದರಲ್ಲಿ ಕಾಣುತ್ತದೆ.

ಕೊಟೇಶನ್ ಅನ್ನು ಒಂದೇ ಮೊತ್ತದಲ್ಲಿ ಕೊಡಬೇಡಿ. ಸ್ಕ್ರಿಪ್ಟ್ ಬೇರೆ, ಶೂಟ್ ಬೇರೆ, ಎಡಿಟ್ ಬೇರೆ, ವಾಯ್ಸ್ ಬೇರೆ ಸಾಲು. ನಿಮ್ಮದೇ ಕ್ಯಾಮೆರಾ, ಲೈಟ್ ಆದರೂ ಊರಿನ ರೆಂಟಲ್ ರೇಟ್ ಹಾಕಿ. ಆ ದುಡ್ಡನ್ನು ಬೇರೆ ಖಾತೆಯಲ್ಲಿ ಇಡಿ. ಕ್ಯಾಮೆರಾಗೆ ವಯಸ್ಸಾದಾಗ ಹೊಸದು ಬರಬೇಕಾದ್ದು ಅದರಿಂದಲೇ. ಕ್ಲೈಂಟ್ ಚೌಕಾಸಿ ಮಾಡಿದರೂ ಆಗ ಒಂದು ಸಾಲನ್ನು ತೆಗೆಯಬಹುದು. ಡ್ರೋನ್ ಬೇಡ, ಎರಡನೇ ದಿನ ಬೇಡ ಅನ್ನಬಹುದು. ಒಂದೇ ಮೊತ್ತ ಇದ್ದರೆ ಕಡಿಮೆಯಾಗುವುದು ನಿಮ್ಮ ಕೂಲಿ ಮಾತ್ರ.

ಅದೇ ಹಾಳೆಯಲ್ಲಿ ಕೊಡುವುದು ಏನು ಅಂತಲೂ ಬರೆಯಿರಿ. ಎಷ್ಟು ನಿಮಿಷ, ಯಾವ ಭಾಷೆ, ಅಡ್ಡ ವಿಡಿಯೋ ಮಾತ್ರವೋ ಮೊಬೈಲ್‌ಗೆ ನಿಂತ ಆಕಾರದ್ದೂ ಬೇಕೋ, ಎಷ್ಟು ಸುತ್ತು ಕರೆಕ್ಷನ್. ನಾವು ಎರಡು ಸುತ್ತು ಕೊಡುತ್ತೇವೆ, ಮೂರನೆಯದಕ್ಕೆ ರೇಟ್ ಇದೆ. ಇದಕ್ಕಿಂತ ಮುಖ್ಯವಾದ ಸಾಲು ಇನ್ನೊಂದಿದೆ: ಕೊನೇ ಒಪ್ಪಿಗೆ ಕೊಡುವವರು ಯಾರು? ಮಾರ್ಕೆಟಿಂಗ್‌ನವರು ಚೆನ್ನಾಗಿದೆ ಅಂತಾರೆ, ಮ್ಯಾನೇಜರ್ ಚೆನ್ನಾಗಿದೆ ಅಂತಾರೆ, ಆಮೇಲೆ ಮಾಲೀಕರು ನೋಡಿ ಮೊದಲಿಂದ ಮಾಡಿ ಅಂತಾರೆ. ಒಬ್ಬರ ಹೆಸರು ಬರೆಸಿಕೊಳ್ಳಿ. ಸ್ಕ್ರಿಪ್ಟ್ ಹಂತದಲ್ಲೇ ಅವರ ಮುಂದೆ ಓದಿ.

ಇನ್ನು ದುಡ್ಡು. ನಾವು ಅರ್ಧ ಅಡ್ವಾನ್ಸ್ ತಗೊಂಡೇ ಡೇಟ್ ಬ್ಲಾಕ್ ಮಾಡುತ್ತೇವೆ. ಮೊದಲ ಕಟ್ ತೋರಿಸಿದಾಗ ಇನ್ನೊಂದು ಕಂತು. ಫೈನಲ್ ಫೈಲ್‌ಗೆ ಮುಂಚೆ ಉಳಿದದ್ದು. ಅಲ್ಲಿಯವರೆಗೆ ವಾಟರ್‌ಮಾರ್ಕ್ ಇರುವ ಕಾಪಿ ಮಾತ್ರ ಹೋಗುತ್ತದೆ. ದೊಡ್ಡ ಕಂಪನಿಗಳು ಇದಕ್ಕೆ ಒಪ್ಪುವುದಿಲ್ಲ, ಬಿಲ್ ಆದಮೇಲೆ ನೋಡೋಣ ಅನ್ನುತ್ತವೆ. ಅದಕ್ಕಾಗಿಯೇ ಉದ್ಯಮ್ ನೋಂದಣಿ (ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ದಾಖಲಿಸುವುದು) ಮಾಡಿಸಿ. ಆನ್‌ಲೈನ್‌ನಲ್ಲೇ ಆಗುತ್ತದೆ, ಸರ್ಕಾರಕ್ಕೆ ಶುಲ್ಕವೇ ಇಲ್ಲ. 2006ರ ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆ ಪ್ರಕಾರ ಸಣ್ಣ ಉದ್ಯಮಕ್ಕೆ ಕೊಡಬೇಕಾದ ದುಡ್ಡನ್ನು, ಲಿಖಿತ ಒಪ್ಪಂದ ಇದ್ದರೂ 45 ದಿನದೊಳಗೆ ಕೊಡಬೇಕು. ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2023ರ ಹಣಕಾಸು ಕಾಯ್ದೆ ಇನ್ನೊಂದು ಸೇರಿಸಿತು. ಈ ಗಡುವು ಮೀರಿದರೆ, ದುಡ್ಡು ನಿಜವಾಗಿ ಕೊಟ್ಟ ವರ್ಷದಲ್ಲಿ ಮಾತ್ರ ಅವರು ಅದನ್ನು ಖರ್ಚು ಅಂತ ತೆರಿಗೆ ಲೆಕ್ಕದಲ್ಲಿ ತೋರಿಸಬಹುದು. ಇನ್‌ವಾಯ್ಸ್ ಮೇಲೆ ಉದ್ಯಮ್ ನಂಬರ್ ಹಾಕಿ. ಅಕೌಂಟ್ಸ್ ವಿಭಾಗದವರು ಅದನ್ನು ನೋಡಿ ಬಿಲ್ ಬೇಗ ಪಾಸ್ ಮಾಡುತ್ತಾರೆ. ಮಾರ್ಚ್ ಹತ್ತಿರ ಬಂದಾಗ ಅಂತೂ ಅವರೇ ಫೋನ್ ಮಾಡುತ್ತಾರೆ.

ವರ್ಷದ ವಹಿವಾಟು 20 ಲಕ್ಷ ದಾಟುವ ಲಕ್ಷಣ ಕಂಡರೆ ಜಿಎಸ್‌ಟಿ ನೋಂದಣಿಗೆ ಲೆಕ್ಕಪರಿಶೋಧಕರ ಹತ್ತಿರ ಹೋಗಿ. ನಮ್ಮ ಸೇವೆಗೆ 18%. ಕೊಟೇಶನ್‌ನಲ್ಲಿ 'ಜಿಎಸ್‌ಟಿ ಪ್ರತ್ಯೇಕ' ಅಂತ ಬರೆಯದಿದ್ದರೆ ಅದು ನಿಮ್ಮ ತಲೆಗೇ ಬರುತ್ತದೆ. ಬಂದ ತೆರಿಗೆ ದುಡ್ಡನ್ನು ಮುಟ್ಟಬೇಡಿ, ಅದು ನಿಮ್ಮದಲ್ಲ.

ಜಾಗ ನೋಡುವುದನ್ನು ಮಾತ್ರ ಬಿಡಬೇಡಿ. ಶೂಟ್ ನಡೆಯುವ ಹೊತ್ತಿಗೇ ಹೋಗಿ ನೋಡಿ. ಕಿಟಕಿ ಬೆಳಕು ಯಾವ ಕಡೆಯಿಂದ ಬರುತ್ತದೆ, ಕಂಪ್ರೆಸರ್ ಸದ್ದು ಎಷ್ಟಿದೆ, ಲೈಟ್‌ಗೆ 15 ಆಂಪ್ ಸಾಕೆಟ್ ಎಲ್ಲಿದೆ, ಶಿಫ್ಟ್ ಯಾವಾಗ ಬದಲಾಗುತ್ತದೆ. ನಮ್ಮ ದೇಶದ ಕರೆಂಟ್ 50 ಹರ್ಟ್ಸ್. ಕ್ಯಾಮೆರಾ ಸೆಕೆಂಡಿಗೆ 25 ಅಥವಾ 50 ಫ್ರೇಮ್‌ನಲ್ಲಿ, ಶಟರ್ 1/50 ಅಥವಾ 1/100 ಸೆಕೆಂಡಿನಲ್ಲಿ ಇದ್ದರೆ ವಿಡಿಯೋದಲ್ಲಿ ಟ್ಯೂಬ್‌ಲೈಟ್ ಮಿಣುಕುವುದು ಹೆಚ್ಚು ಕಡಿಮೆ ನಿಲ್ಲುತ್ತದೆ. ಅಗ್ಗದ ಎಲ್‌ಇಡಿ ಇರುವ ಕಡೆ ಅಷ್ಟು ಸಾಲದು, ಹತ್ತು ಸೆಕೆಂಡ್ ಟೆಸ್ಟ್ ತೆಗೆದು ದೊಡ್ಡ ಸ್ಕ್ರೀನ್‌ನಲ್ಲಿ ನೋಡಿ.

ಮೈಸೂರಿನಿಂದ:

ನಾನು ಮತ್ತು ನನ್ನ ತಂಗಿ ಮದುವೆ ಕೆಲಸವನ್ನೇ ಮಾಡುವವರು. ಹುಬ್ಬಳ್ಳಿ ಸರ್ ಹೇಳಿದ್ದೆಲ್ಲ ಕಂಪನಿ ಕೆಲಸಕ್ಕೆ ಸರಿ. ಮದುವೆಗೆ ಕಂತಿನ ಲೆಕ್ಕ ಬೇರೆ. ಫೈಲ್ ಹಿಡಿದಿಟ್ಟು ಬ್ಯಾಲೆನ್ಸ್ ಕೇಳುವುದು ಮದುವೆ ಮನೆಯಲ್ಲಿ ನಡೆಯುವುದಿಲ್ಲ. ಛತ್ರ, ಅಡುಗೆಯವರು, ಒಡವೆ ಅಂತ ಎಲ್ಲರಿಗೂ ಕೊಟ್ಟು ಸುಸ್ತಾಗಿರುತ್ತಾರೆ. ವಿಡಿಯೋದವರದು ಕೊನೆಗೆ ಅಂತ ಉಳಿದುಹೋಗುತ್ತದೆ. ನಾವು ದೊಡ್ಡ ಪಾಲನ್ನು ಮುಹೂರ್ತಕ್ಕೆ ಮುಂಚೆಯೇ ತಗೊಳ್ಳುತ್ತೇವೆ. ಕೊನೆಗೆ ಉಳಿಯುವುದು ಸ್ವಲ್ಪ, ಅದು ಪೆನ್‌ಡ್ರೈವ್ ಕೊಡುವ ದಿನ ಬರುತ್ತದೆ. ಅಡ್ವಾನ್ಸ್ ಮಾತಾಡುವಾಗಲೇ ಹುಡುಗಿ ಕಡೆಯವರೋ ಹುಡುಗನ ಕಡೆಯವರೋ, ಯಾರು ಕೊಡುವುದು ಅಂತ ಕೇಳಿ ಬರೆದುಕೊಳ್ಳಿ.

ನನಗೆ ಎಲ್ಲಕ್ಕಿಂತ ದೊಡ್ಡದು ಡೇಟಾ. ಮಾಂಗಲ್ಯಧಾರಣೆ ಇನ್ನೊಂದು ಸಲ ಆಗುವುದಿಲ್ಲ. 100 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 100 ಮೆಗಾಬಿಟ್) 4ಕೆ ತೆಗೆದರೆ ಗಂಟೆಗೆ 45 ಜಿಬಿ. ಎರಡು ಕ್ಯಾಮೆರಾ ಆರು ಗಂಟೆ ಓಡಿದರೆ 540 ಜಿಬಿ. ಎರಡು ಕಾಪಿ ಅಂದರೆ ಒಂದು ಟಿಬಿ ಮೇಲಾಯಿತು. ಈ ಡಿಸ್ಕ್ ಖರ್ಚೂ ಕೊಟೇಶನ್‌ನಲ್ಲಿ ಇರಬೇಕು, ಅಲ್ವಾ? ಎರಡು ಕಾರ್ಡ್ ಸ್ಲಾಟ್ ಇರುವ ಕ್ಯಾಮೆರಾದಲ್ಲಿ ಎರಡಕ್ಕೂ ಒಟ್ಟಿಗೆ ರೆಕಾರ್ಡ್ ಮಾಡುತ್ತೇವೆ. ತುಂಬಿದ ಕಾರ್ಡ್ ತಂಗಿಯ ಸೊಂಟದ ಪೌಚ್‌ಗೆ ಹೋಗುತ್ತದೆ, ಬೇರೆಲ್ಲೂ ಇಡುವುದಿಲ್ಲ. ರಾತ್ರಿ ಎಷ್ಟೇ ಹೊತ್ತಾದರೂ ಎರಡು ಡಿಸ್ಕ್‌ಗೆ ಕಾಪಿ ಆಗಬೇಕು. ಫೈಲ್ ಸಂಖ್ಯೆ ಮತ್ತು ಗಾತ್ರ ತಾಳೆ ನೋಡಬೇಕು, ನಾಲ್ಕಾರು ಫೈಲ್ ತೆರೆದು ಓಡಿಸಬೇಕು. ಆಮೇಲಷ್ಟೇ ಮಲಗುವುದು. ಒಂದು ಡಿಸ್ಕ್ ಆಫೀಸಿನಲ್ಲಿ, ಇನ್ನೊಂದು ನಮ್ಮ ಮನೆಯಲ್ಲಿ. ಕಾರ್ಡ್ ಫಾರ್ಮ್ಯಾಟ್ ಆಗುವುದು ಮುಂದಿನ ಕೆಲಸದ ದಿನ ಬೆಳಿಗ್ಗೆ, ಅದೂ ಒಬ್ಬರೇ ಮಾಡಬೇಕು.

ಮಗುವಿನ ನಾಮಕರಣಕ್ಕೆ ಬಂದವರು ಮದುವೆ ವಿಡಿಯೋ ಇನ್ನೊಂದು ಕಾಪಿ ಕೊಡಿ ಅಂತಾರೆ. ಹಾಗಾಗಿ ಎಷ್ಟು ತಿಂಗಳು ಇಟ್ಟುಕೊಳ್ಳುತ್ತೇವೆ ಅನ್ನುವುದನ್ನೂ ಬರೆದುಕೊಡಿ. ಆ ಮೇಲೂ ಬೇಕಾದರೆ ಡಿಸ್ಕ್ ಅವರೇ ತಂದುಕೊಡಲಿ.

ಎಡಿಟಿಂಗ್ ಬಾಕಿ ಬಗ್ಗೆ: ಮದುವೆ ಸೀಸನ್‌ನಲ್ಲಿ ಬಾಕಿ ಬೆಳೆಯುವುದು ಸಹಜ. ಮುಹೂರ್ತ ಇರುವ ತಿಂಗಳಲ್ಲಿ ಟೀಸರ್ ಮಾತ್ರ ಬೇಗ ಕೊಟ್ಟುಬಿಡಿ. ಮನೆಯವರಿಗೆ ಸಮಾಧಾನ ಆಗುತ್ತದೆ. ಪೂರ್ತಿ ವಿಡಿಯೋಗೆ ಡೇಟ್ ಹೇಳುವಾಗ ಸೀಸನ್ ಮುಗಿಯುವುದನ್ನು ಲೆಕ್ಕಕ್ಕೆ ತಗೊಳ್ಳಿ. ಆಷಾಢದಲ್ಲಿ ಮದುವೆ ಇಲ್ಲ, ಧನುರ್ಮಾಸದಲ್ಲೂ ಇಲ್ಲ. ಬಾಕಿ ಮುಗಿಸುವುದು, ಸೆನ್ಸರ್ ಕ್ಲೀನ್ ಮಾಡಿಸುವುದು, ಇನ್ಶೂರೆನ್ಸ್ ನವೀಕರಣ ಎಲ್ಲ ನಾವು ಆಗಲೇ ಇಟ್ಟುಕೊಳ್ಳುತ್ತೇವೆ. ಆಷಾಢದ ಸಂಬಳಕ್ಕೆ ಮೇ ತಿಂಗಳಲ್ಲೇ ದುಡ್ಡು ಎತ್ತಿಡಬೇಕು. ಹಾಡಿನ ಪಟ್ಟಿಯನ್ನು ಎಡಿಟ್‌ಗೆ ಕೂರುವ ಮುಂಚೆ ಮದುಮಕ್ಕಳಿಂದ ತರಿಸಿಕೊಳ್ಳಿ. ಅರ್ಧಕ್ಕರ್ಧ ಕರೆಕ್ಷನ್ ಬರುವುದು ಹಾಡಿನ ವಿಷಯಕ್ಕೇ.

ಹುಡುಗರ ಊಟ, ದಿನದ ಭತ್ಯೆ, ರಾತ್ರಿ ಮನೆಗೆ ಹೋಗುವ ಗಾಡಿ, ಇದನ್ನು ನೀವೇ ನೋಡಿಕೊಳ್ಳಿ. ಬೆಳಗಿನ ಜಾವದ ದೇವರ ಕಾರ್ಯದಿಂದ ಆರತಕ್ಷತೆವರೆಗೆ ನಿಂತೇ ಇರುತ್ತಾರೆ. ಕೊನೇ ಪಂಕ್ತಿಗೆ ಕಳಿಸಿದರೆ ಅಷ್ಟರಲ್ಲಿ ಇನ್ನೊಂದು ಶಾಸ್ತ್ರ ಶುರುವಾಗಿರುತ್ತದೆ. ಬುಕ್ಕಿಂಗ್ ದಿನವೇ ಮನೆಯವರಿಗೆ ಹೇಳಿ, ತಂಡಕ್ಕೆ ಮೊದಲ ಪಂಕ್ತಿಯಲ್ಲಿ ಎಲೆ ಹಾಕಿಸಿ.

ಬೆಂಗಳೂರಿನಿಂದ, ಒಬ್ಬ ಎಡಿಟರ್:

ಮೇಜಿನ ಈ ಕಡೆಯಿಂದ ಒಂದೆರಡು ಮಾತು. ನಿಮ್ಮ ಎಡಿಟರ್‌ನ ಅರ್ಧ ಸಮಯ ಹುಡುಕಾಟಕ್ಕೇ ಹೋಗುತ್ತಿರಬಹುದು. ಎಲ್ಲ ಪ್ರಾಜೆಕ್ಟ್‌ಗೂ ಒಂದೇ ತರದ ಫೋಲ್ಡರ್ ಇರಲಿ, ಹೆಸರು ದಿನಾಂಕದಿಂದ ಶುರುವಾಗಲಿ. ಸಿಸ್ಟಮ್ ಹಳೆಯದಾದರೆ ಪ್ರಾಕ್ಸಿ (ತೆಗೆದ ವಿಡಿಯೋದ ಹಗುರ ಕಾಪಿ) ಮಾಡಿಕೊಂಡು ಎಡಿಟ್ ಮಾಡಲಿ. ಪ್ರಾಕ್ಸಿ ರಾತ್ರಿ ತಾನೇ ತಯಾರಾಗುತ್ತದೆ. ಕರೆಕ್ಷನ್ ಫೋನಿನಲ್ಲಿ ಹೇಳಿಸಿಕೊಳ್ಳಬೇಡಿ. ನಿಮಿಷ, ಸೆಕೆಂಡ್ ಸಮೇತ ಒಂದೇ ಪಟ್ಟಿಯಲ್ಲಿ ಬರೆದು ಕಳಿಸಲು ಹೇಳಿ. ವಾಟ್ಸಾಪ್ ವಾಯ್ಸ್ ಮೆಸೇಜ್ ಕೇಳಿ ಬರೆದುಕೊಳ್ಳುವುದೂ ಒಂದು ಕೆಲಸವೇ.

ಕನ್ನಡ ಅಕ್ಷರದ್ದು ನಮ್ಮದೇ ತೊಂದರೆ. ಕ್ಲೈಂಟ್ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿ ಕಳಿಸುತ್ತಾರೆ, ನಮ್ಮಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಯೂನಿಕೋಡ್‌ನಲ್ಲೇ ಕಳಿಸಿ ಅಂತ ಮೊದಲೇ ಹೇಳಿ, ಇಲ್ಲವೇ ಪರಿವರ್ತಕದಲ್ಲಿ ಹಾಕಿ ಮತ್ತೆ ಓದಿ. ಪ್ರೀಮಿಯರ್ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಒತ್ತಕ್ಷರ ಒಡೆದು ಬಂದರೆ ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ಭಾಗದಲ್ಲಿ ಟೆಕ್ಸ್ಟ್ ಎಂಜಿನ್ ಅನ್ನು ಸೌತ್ ಏಷ್ಯನ್‌ಗೆ ಬದಲಿಸಿ. ಆಮೇಲೂ ಪ್ರತಿ ಹೆಸರನ್ನು ಕನ್ನಡ ಚೆನ್ನಾಗಿ ಬಲ್ಲ ಒಬ್ಬರು ಓದಲೇಬೇಕು. ಅತಿಥಿಯ ಹೆಸರು ತಪ್ಪಾದರೆ ಎಷ್ಟು ಒಳ್ಳೆ ಶಾಟ್ ಇದ್ದರೂ ಜನ ಮಾತಾಡುವುದು ಆ ತಪ್ಪನ್ನೇ.

ಹಾಡಿನ ಬಗ್ಗೆ ಮೈಸೂರು ಮೇಡಂ ಹೇಳಿದ್ದಕ್ಕೆ ಸೇರಿಸುತ್ತೇನೆ. ಮದುವೆ ಮನೆಯಲ್ಲಿ ಸಿನಿಮಾ ಹಾಡು ಬಾರಿಸಲು ಕೃತಿಸ್ವಾಮ್ಯ ಕಾಯ್ದೆ ವಿನಾಯಿತಿ ಕೊಡುತ್ತದೆ. ಅದೇ ಹಾಡನ್ನು ವಿಡಿಯೋಗೆ ಜೋಡಿಸಿ ಯೂಟ್ಯೂಬ್‌ಗೆ ಹಾಕುವುದಕ್ಕೆ ಆ ವಿನಾಯಿತಿ ಇಲ್ಲ. ಕಂಪನಿ ವಿಡಿಯೋಗಂತೂ ಲೈಸೆನ್ಸ್ ಇರುವ ಸಂಗೀತ ಮಾತ್ರ ಬಳಸಿ. ಆ ರಸೀದಿಯನ್ನು ಪ್ರಾಜೆಕ್ಟ್ ಫೋಲ್ಡರ್‌ನಲ್ಲೇ ಇಡಿ.

ಮಂಗಳೂರಿನಿಂದ:

ಎಲ್ಲರೂ ಬಹಳ ಬರೆದಿದ್ದಾರೆ, ನಾನು ಡ್ರೋನ್ ಮತ್ತು ಮಳೆ ಬಗ್ಗೆ ಮಾತ್ರ ಹೇಳುತ್ತೇನೆ. 2021ರ ಡ್ರೋನ್ ನಿಯಮದಲ್ಲಿ 250 ಗ್ರಾಂ ಒಳಗಿನದಕ್ಕೆ ಪೈಲಟ್ ಸರ್ಟಿಫಿಕೇಟ್ ಬೇಡ. ಅದಕ್ಕಿಂತ ತೂಕದ್ದನ್ನು ದುಡಿಮೆಗೆ ಹಾರಿಸುವುದಾದರೆ ಬೇಕೇ ಬೇಕು. ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಜಾಗ ಹಸಿರೋ, ಹಳದಿಯೋ, ಕೆಂಪೋ ನೋಡಿಯೇ ಡ್ರೋನ್ ಶಾಟ್‌ಗೆ ಒಪ್ಪಿಕೊಳ್ಳಿ. ಹಸಿರಿನಲ್ಲಿ 400 ಅಡಿವರೆಗೆ ಅನುಮತಿ ಬೇಡ. ಕಾರವಾರದಂಥ ನೌಕಾನೆಲೆ ಇರುವ ಕಡೆ ಸುಮ್ನೆ ಆಸೆ ಪಡಬೇಡಿ. ಹಂಪಿ, ಪಟ್ಟದಕಲ್ಲಿನಂಥ ಸಂರಕ್ಷಿತ ಸ್ಮಾರಕದಲ್ಲಿ ಶೂಟ್ ಅಂದರೆ ಪುರಾತತ್ವ ಇಲಾಖೆಯ ಅನುಮತಿಗೆ ಮೊದಲೇ ಅರ್ಜಿ ಹಾಕಿ, ಆ ಓಡಾಟದ ದಿನವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮಳೆಗಾಲದಲ್ಲಿ ಲೆನ್ಸ್‌ಗೆ ಫಂಗಸ್ ಬರುತ್ತದೆ. ಡ್ರೈ ಕ್ಯಾಬಿನೆಟ್ ಇಲ್ಲದಿದ್ದರೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ. ಎಸಿ ರೂಮಿನಿಂದ ಸೆಕೆಗೆ ಬಂದ ತಕ್ಷಣ ಬ್ಯಾಗ್ ತೆರೆಯಬೇಡಿ, ಗಾಜಿನ ಮೇಲೆ ಹಬೆ ಕೂರುತ್ತದೆ. ಅರ್ಧ ಗಂಟೆ ಮುಚ್ಚಿಯೇ ಇಡಿ.

ಮತ್ತೆ ದಾವಣಗೆರೆಯಿಂದ:

ಎಲ್ಲರಿಗೂ ವಂದನೆ. ಇವತ್ತೇ ಬೋರ್ಡ್ ತಂದು ಹಾಕಿದ್ದೇವೆ. ಇನ್ನೊಂದೇ ಪ್ರಶ್ನೆ. ಒಬ್ಬ ಕ್ಲೈಂಟ್ ಫೈನಲ್ ವಿಡಿಯೋ ಜೊತೆಗೆ ಪೂರ್ತಿ ಫುಟೇಜ್ (ಎಡಿಟ್ ಮಾಡದ ಎಲ್ಲ ವಿಡಿಯೋ) ಕೂಡ ಕೊಡಿ ಅನ್ನುತ್ತಿದ್ದಾರೆ. ಮಾತಾಡುವಾಗ ಇದರ ವಿಷಯವೇ ಬಂದಿರಲಿಲ್ಲ. ಕೊಡಬೇಕಾ?

ಹುಬ್ಬಳ್ಳಿಯಿಂದ:

ಇದರಲ್ಲಿ ಹಟ ಬೇಡ ತಮ್ಮಾ. ದುಡ್ಡು ಕೊಟ್ಟು ಮಾಡಿಸಿದ ಫಿಲ್ಮ್‌ನ ಕೃತಿಸ್ವಾಮ್ಯ, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಡಿಸಿದವರದ್ದು. 1957ರ ಕಾಯ್ದೆಯ 17ನೇ ಕಲಮು ಹಾಗೆ ಹೇಳುತ್ತದೆ. ಪೂರ್ತಿ ಫುಟೇಜ್ ಒಪ್ಪಿಸಬೇಕೋ ಇಲ್ಲವೋ ಅನ್ನುವುದು ಮಾತ್ರ ನೀವು ಏನು ಬರೆದುಕೊಂಡಿದ್ದೀರಿ ಅನ್ನುವುದರ ಮೇಲಿದೆ. ಬರೆದಿಲ್ಲ ಅಂದಮೇಲೆ ಮಾತಾಡಿಯೇ ಮುಗಿಸಬೇಕು. ಡಿಸ್ಕ್ ಅವರು ತರಲಿ, ಕಾಪಿ ಮಾಡುವ ಸಮಯಕ್ಕೆ ಒಂದು ಮೊತ್ತ ಹೇಳಿ, ಬ್ಯಾಲೆನ್ಸ್ ಬಂದ ದಿನ ಕೊಡಿ. ಫ್ಯಾಕ್ಟರಿಯವರು ಮುಂದಿನ ವರ್ಷ ಅದೇ ಶಾಟ್‌ಗಳನ್ನು ಇಟ್ಟುಕೊಂಡು ಹೊಸ ವಿಡಿಯೋ ಕೇಳಿದರೆ ಎಡಿಟ್ ಕೆಲಸ ನಿಮಗೇ ಬರಬಹುದು. ಇನ್ನು ಮುಂದಿನ ಕೊಟೇಶನ್‌ಗಳಲ್ಲಿ ಎರಡು ಸಾಲು ಸೇರಿಸಿ. ಒಂದು, ಫುಟೇಜ್ ಬೇಕಾದರೆ ಅದರ ರೇಟ್. ಎರಡು, ಈ ಕೆಲಸದ ತುಣುಕುಗಳನ್ನು ನಮ್ಮ ಶೋರೀಲ್‌ನಲ್ಲಿ ತೋರಿಸಲು ಅನುಮತಿ. ಎರಡನೆಯದು ಇಲ್ಲದಿದ್ದರೆ ನೀವೇ ತೆಗೆದದ್ದನ್ನು ಮುಂದಿನ ಕ್ಲೈಂಟ್‌ಗೆ ತೋರಿಸಲೂ ಕೇಳಬೇಕಾಗುತ್ತದೆ. ಆಸ್ಪತ್ರೆ ಕೆಲಸದಲ್ಲಿ ರೋಗಿಗಳು ಕಾಣುವ ಶಾಟ್ ಇದ್ದರೆ ಅವರ ಒಪ್ಪಿಗೆ ಪತ್ರವನ್ನೂ ಶೂಟ್ ದಿನವೇ ಸಹಿ ಮಾಡಿಸಿಕೊಳ್ಳಿ. ಕನ್ನಡದಲ್ಲೇ ಇರಲಿ, ಓದಿ ಹೇಳಿ, ಆಮೇಲೆ ಸಹಿ. ನಮ್ಮ ಹತ್ತಿರ ಒಂದು ನಮೂನೆ ಇದೆ, ಬೇಕಾದರೆ ಕಳಿಸುತ್ತೇನೆ.