ಪದಚರ್ಚೆ: ಪಿಂಚಣಿ ಗಳಿಕೆಯನ್ನು ‘ತಾಳೆ’ ನೋಡುವುದೋ, ‘ಹೋಲಿಸಿ’ ನೋಡುವುದೋ?

ಹಾಸನದಿಂದ:
ನಮಸ್ಕಾರ. ನಾಳೆ ಬೆಳಿಗ್ಗೆ ಒಂದು ಬ್ಯಾನರ್ ಅಚ್ಚಿಗೆ ಹೋಗಬೇಕು. ಎನ್‌ಪಿಎಸ್‌ನಲ್ಲಿರುವ (ಸಂಬಳದಿಂದ ಕಡಿತವಾದ ಹಣ ನಿಧಿಗೆ ಹೋಗುವ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ಮೇಷ್ಟ್ರುಗಳಿಗೆ, ಅಂದರೆ 2006ರ ಏಪ್ರಿಲ್ 1ರಿಂದ ಈಚೆಗೆ ರಾಜ್ಯ ಸರ್ಕಾರಿ ಕೆಲಸಕ್ಕೆ ಸೇರಿದವರಿಗೆ, ಭಾನುವಾರ ತರಬೇತಿ. ಆ ಹಣ ಹೂಡುವ ನಿಧಿ ಸಂಸ್ಥೆ ಹೇಳುವ ಗಳಿಕೆ ತಮ್ಮ ಖಾತೆಗೂ ಬಂದಿದೆಯಾ ಎಂದು ನೋಡಿಕೊಳ್ಳುವುದು ವಿಷಯ. ನನ್ನ ಕೈಗೆ ಬಂದ ಸಾಲು ಇದು: ‘ಪಿಂಚಣಿ ನಿಧಿಯ ವರದಿತ ಕಾರ್ಯಕ್ಷಮತೆಯೊಂದಿಗೆ ಪ್ರತಿಫಲದ ಹೊಂದಾಣಿಕೆ ಪರಿಶೀಲನೆ’. ಮೂರು ಸಲ ಓದಿದರೂ ತಲೆಗೆ ಹೋಗಲಿಲ್ಲ. ‘ತಾಳೆ’ ಎಂದರೆ ಸಾಕಾ? ‘ರಿಟರ್ನ್ಸ್’ಗೆ ಯಾವ ಪದ?

ಧಾರವಾಡದಿಂದ:
ತಾಳೆ ಸಾಕು. ‘ಹೊಂದಾಣಿಕೆ’ ಮೊದಲು ತೆಗೆಯಿರಿ. ಲೆಕ್ಕದ ಮಾತಿನಲ್ಲಿ ಹೊಂದಾಣಿಕೆ ಎಂದರೆ ಹೇಗೋ ಸರಿಮಾಡಿದ್ದು ಎಂದೇ ಜನ ಓದುತ್ತಾರೆ. ‘ವರದಿತ’ ಪದವೇ ಅಲ್ಲ. ತಾಳೆಯ ಮೂಲ ‘ತಾಳ’ ಎಂದೇ ನನ್ನ ನಂಬಿಕೆ. ತಾಳದ ಎರಡು ಬಟ್ಟಲು ಒಂದಕ್ಕೊಂದು ಸರಿಯಾಗಿ ಕೂತರೆ ತಾನೇ ನಾದ?

ಮೈಸೂರಿನಿಂದ:
ತಾಳೆ ಇಂಗ್ಲಿಷಿನ ‘ಟ್ಯಾಲಿ’. ಅಂಗಡಿ ಲೆಕ್ಕದ ಜೊತೆ ಬಂದದ್ದು. ‘ಒರೆಹಚ್ಚಿ ನೋಡಿ’ ಎನ್ನಿ. ‘ಪ್ರತಿಫಲ’ ಸಂಸ್ಕೃತ, ‘ಗಳಿಕೆ’ ನಮ್ಮದು. ಪಿಂಚಣಿಯೂ ಪರದೇಶದ್ದೇ.

ಧಾರವಾಡದಿಂದ:
ತಪ್ಪು. ಟ್ಯಾಲಿ ಎಂದರೆ ಗೀರು ಹಾಕಿದ ಕಡ್ಡಿ, ಲ್ಯಾಟಿನ್ ಮೂಲದ್ದು. ಮರಾಠಿಯಲ್ಲಿ ಲೆಕ್ಕ ಸರಿಯೇ ಎಂದು ನೋಡುವುದಕ್ಕೆ ‘ತಾಳಾ’, ಅಢಾವೆ ಪತ್ರಿಕೆಗೆ ‘ತಾಳೇಬಂದ’. ಅದೂ ಇಂಗ್ಲಿಷಾ? ಒರೆ ಹಚ್ಚುವುದು ಚಿನ್ನಕ್ಕೆ. ಇನ್ನು ಪಿಂಚಣಿ ಬಿಟ್ಟರೆ ಜಮಾ, ಬಾಕಿ, ರಸೀದಿ, ಖಜಾನೆ ಎಲ್ಲ ಬಿಡಬೇಕು. ಆಮೇಲೆ ಲೆಕ್ಕ ಬರೆಯುವುದು ಯಾವುದರಲ್ಲಿ?

ಮೈಸೂರಿನಿಂದ:
ಬಂದದ್ದನ್ನೆಲ್ಲ ಇಟ್ಟುಕೊಂಡರೆ ನಮ್ಮ ಮಾತು ಹುಟ್ಟುವುದು ಯಾವಾಗ? ಈ ಪ್ರಶ್ನೆಗೆ ಉತ್ತರ ಕೊಡಿ.

ಶಿವಮೊಗ್ಗದಿಂದ:
ಜಗಳ ಆಮೇಲೆ ಆಡಿ. ತಾಳೆ ನೋಡುವುದು ಯಾವುದನ್ನು ಎಂದು ಯಾರೂ ಕೇಳಲಿಲ್ಲ. ನಾನು ಬಹಳ ವರ್ಷ ಸಂಬಳದ ಬಿಲ್ಲು ಬರೆದವಳು. ‘ತಾಳೆ ಬಿತ್ತು’ ಎಂದರೆ ಎರಡು ಅಂಕಿ ಒಂದೇ ಆಗಬೇಕು. ಇಲ್ಲಿ ಒಂದೇ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ.

ನೋಡಿ. ಯೂನಿಟ್ ಎಂದರೆ ನಿಧಿಯ ಒಂದು ಪಾಲು. ಅದರ ಬೆಲೆ 10 ರೂಪಾಯಿ ಇದ್ದಾಗ ಒಬ್ಬರು 1,000 ರೂ. ಕಟ್ಟಿದರು, 100 ಯೂನಿಟ್. ಬೆಲೆ 20 ಆದಾಗ 10,000 ಕಟ್ಟಿದರು, 500 ಯೂನಿಟ್. ಈಗ ಬೆಲೆ 22. ಸಂಸ್ಥೆ ‘ಶುರುವಿನಿಂದ ಶೇ 120 ಏರಿಕೆ’ ಎನ್ನುತ್ತದೆ, ಸರಿಯೇ. ಇವರು ಕಟ್ಟಿದ್ದು 11,000, ಈಗಿರುವುದು 13,200. ಗಳಿಕೆ ಶೇ 20 ಮಾತ್ರ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಹೆಚ್ಚು ದುಡ್ಡು ತಡವಾಗಿ ಬಿತ್ತು, ಅಷ್ಟೇ. ಸಂಬಳ ಏರಿದಂತೆ ವಂತಿಗೆಯೂ ಏರುವುದರಿಂದ ಬಹಳಷ್ಟು ಮೇಷ್ಟ್ರುಗಳ ಲೆಕ್ಕ ಹೀಗೇ ಇರುತ್ತದೆ. ಸಂಸ್ಥೆ ವರ್ಷಕ್ಕೆ ಇಷ್ಟು ಎಂದು ಹೇಳುವುದು ಯೂನಿಟ್ ಬೆಲೆಯ ಏರಿಕೆಯನ್ನು. ಖಾತೆಯ ಸ್ಟೇಟ್‌ಮೆಂಟಿನಲ್ಲಿ ‘ಎಕ್ಸ್‌ಐಆರ್‌ಆರ್’ ಎಂದಿರುವುದು ನೀವು ಕಟ್ಟಿದ ತಾರೀಖುಗಳನ್ನು ಹಿಡಿದು ಹಾಕಿದ ಲೆಕ್ಕ.

ತಾಳೆ ಆಗಲೇಬೇಕಾದ್ದು ಬೇರೆ ಇದೆ. ಸಂಬಳದ ಚೀಟಿಯಲ್ಲಿ ಕಡಿತವಾದ ವಂತಿಗೆ, ಅದರ ಜೊತೆ ಸರ್ಕಾರದ ಪಾಲು, ಎರಡೂ ತಿಂಗಳು ತಿಂಗಳೂ ಖಾತೆಗೆ ಬಿದ್ದಿರಬೇಕು. ಯೂನಿಟ್ಟನ್ನು ಆ ದಿನದ ಬೆಲೆಯಿಂದ ಗುಣಿಸಿದರೆ ಖಾತೆಯಲ್ಲಿರುವ ಮೊತ್ತ ಬರಬೇಕು. ಒಂದು ಕಚೇರಿಯಲ್ಲಿ ಒಬ್ಬರ ನಾಲ್ಕು ತಿಂಗಳ ಕಡಿತ ಖಾತೆ ಸೇರಿರಲೇ ಇಲ್ಲ. ‘ಗಳಿಕೆ ಕಮ್ಮಿ’ ಎಂದು ಅವರು ಮಾರುಕಟ್ಟೆಯನ್ನು ಬೈಯುತ್ತಿದ್ದರು. ಸಂಬಳದ ಚೀಟಿ ಪಕ್ಕದಲ್ಲಿ ಖಾತೆಯ ಸ್ಟೇಟ್‌ಮೆಂಟ್ ಇಟ್ಟಾಗಲೇ ಗೊತ್ತಾಯಿತು.

ಹಾಗಾಗಿ ವಂತಿಗೆಗೆ ‘ತಾಳೆ’, ಗಳಿಕೆಗೆ ‘ಹೋಲಿಕೆ’. ಒಂದೇ ಪದ ಹಾಕಿದರೆ ಸರಿಯಾಗಿರುವ ಖಾತೆ ನೋಡಿಯೂ ಜನ ಸುಮ್ನೆ ಗಾಬರಿಯಾಗುತ್ತಾರೆ.

ಮೈಸೂರಿನಿಂದ:
‘ವಂತಿಗೆ’, ‘ಗಳಿಕೆ’ ಎರಡೂ ಒಪ್ಪಿದೆ. ತಾಳೆಯ ಬಗ್ಗೆ ನನ್ನ ಮಾತು ಬದಲಾಗಿಲ್ಲ.

ಹಾಸನದಿಂದ:
ಮೇಡಂ, ತುಂಬಾ ಉಪಕಾರವಾಯಿತು. ಬ್ಯಾನರಿಗೆ ಎರಡು ಸಾಲು ಕಳಿಸಿದೆ:
‘ನಿಮ್ಮ ಪಿಂಚಣಿ ವಂತಿಗೆ ತಾಳೆ ನೋಡಿ.
ಸಂಸ್ಥೆ ಹೇಳುವ ಗಳಿಕೆ, ನಿಮ್ಮ ಗಳಿಕೆ: ಹೋಲಿಸಿ ನೋಡಿ.’
ಬರುವವರು ಸಂಬಳದ ಚೀಟಿಗಳನ್ನೂ ತರಬೇಕೆಂದು ಕೆಳಗೆ ಸೇರಿಸಿದ್ದೇನೆ.