ರೆಟಿನಾದ ಬಹುತರಂಗ ಚಿತ್ರ: ಅಪಧಮನಿಯ ಆಮ್ಲಜನಕ ಕಡಿಮೆ ತೋರಿಸುತ್ತಿದೆ, ಏಕೆ?

ಕೋಥ್ರೂಡ್ ಬೆಂಚ್:
ಪುಣೆಯ ನಮ್ಮ ಪ್ರಯೋಗಾಲಯದಲ್ಲಿ ಐದು ಎಲ್‌ಇಡಿಗಳ ಫಂಡಸ್ ಕ್ಯಾಮೆರಾ (ಕಣ್ಣಿನ ಒಳಗಿನ ಹಿಂಬದಿಯ ಚಿತ್ರ ತೆಗೆಯುವಂಥದ್ದು) ಜೋಡಿಸಿದ್ದೇವೆ: 460, 525, 570, 600, 850 ನ್ಯಾನೋಮೀಟರ್. ಮಾನೋಕ್ರೋಮ್ ಸೆನ್ಸರ್, 30 ಡಿಗ್ರಿ ನೋಟ. ಸೂಜಿ, ಡೈ ಏನೂ ಇಲ್ಲದೆ ರೆಟಿನಾದ ರಕ್ತನಾಳಗಳ ಆಮ್ಲಜನಕ ಅಳೆಯುವುದು ಗುರಿ. 570 ಮತ್ತು 600ರ ಚಿತ್ರಗಳಲ್ಲಿ ನಾಳದ ಬೆಳಕನ್ನು ಅದರ ಹೊರಗಿನ ಬೆಳಕಿನಿಂದ ಭಾಗಿಸಿ, ಲಾಗ್ ತೆಗೆದು, ಎರಡರ ಅನುಪಾತದಿಂದ ಲೆಕ್ಕ ಹಾಕಿದರೆ ಅಪಧಮನಿಯ ಆಮ್ಲಜನಕ ಶೇ. 92ರ ಆಸುಪಾಸು ಬರಬೇಕಾದಲ್ಲಿ 75–80 ಬರುತ್ತಿದೆ. ಕೆಲವೊಮ್ಮೆ ನಾಳದ ಒಂದು ಅಂಚಿನಲ್ಲಿ 120, ಇನ್ನೊಂದು ಅಂಚಿನಲ್ಲಿ 40. ಬಿಸಿಲೇರಿದಂತೆ ಎಲ್ಲ ಅಂಕಿಗಳೂ ನಾಲ್ಕೈದು ಮೇಲೆ ಹೋಗುತ್ತವೆ. ಎಲ್ಲಿಂದ ಹುಡುಕಬೇಕು?

ಮಾಟುಂಗಾವಾಸಿ:
ಮೂರು ತೊಂದರೆಗೂ ಬೇರೆ ಬೇರೆ ಕಾರಣ. ಮೊದಲನೆಯದು ಎಲ್‌ಇಡಿ ಬೆಳಕಿನ ಅಗಲ, ಅಂದರೆ ಅದು ಎಷ್ಟು ತರಂಗಾಂತರಗಳಿಗೆ ಹರಡಿದೆ ಎಂಬುದು. 570ರಲ್ಲಿ ಆಮ್ಲಜನಕವಿರುವ ಮತ್ತು ಇಲ್ಲದ ಹಿಮೋಗ್ಲೋಬಿನ್ ಹೆಚ್ಚುಕಡಿಮೆ ಒಂದೇ ಸಮ ಬೆಳಕು ಹೀರುತ್ತವೆ. 600ರಲ್ಲಿ ಆಮ್ಲಜನಕವಿಲ್ಲದ್ದು ನಾಲ್ಕೈದು ಪಟ್ಟು ಹೆಚ್ಚು ಹೀರುತ್ತದೆ, ಹಾಗಾಗಿ ಅಭಿಧಮನಿ ಕಪ್ಪಾಗಿಯೂ ಅಪಧಮನಿ ತಿಳಿಯಾಗಿಯೂ ಕಾಣಬೇಕು. ಆದರೆ ಆಮ್ಲಜನಕವಿರುವ ಹಿಮೋಗ್ಲೋಬಿನ್ 590ರಲ್ಲಿ ಹೀರುವುದು 600ರಲ್ಲಿ ಹೀರುವುದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು. ನಿಮ್ಮ ಎಲ್‌ಇಡಿಯ ಬಾಲ 590ರ ತನಕ ಚಾಚಿದ್ದರೆ ಅಪಧಮನಿ ಸುಳ್ಳೇ ಕಪ್ಪಾಗುತ್ತದೆ, ಅಂಕಿ ಇಳಿಯುತ್ತದೆ. 10 ನ್ಯಾನೋಮೀಟರ್ ಅಗಲದ ಬ್ಯಾಂಡ್‌ಪಾಸ್ ಫಿಲ್ಟರ್ (ಅಷ್ಟು ಅಗಲದ ಬೆಳಕನ್ನು ಮಾತ್ರ ಬಿಡುವಂಥದ್ದು) ಹಾಕಲೇಬೇಕು.

570ರ ಎಲ್‌ಇಡಿಗಳಲ್ಲಿ ಬೆಳಕು ಬಲು ಕಡಿಮೆ. ಮುಂಬೈನ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡ್‌ನಲ್ಲಿ ಅದಕ್ಕಾಗಿ ಅಲೆಯುವ ಬದಲು ಪ್ರಬಲವಾದ ಬಿಳಿ ಎಲ್‌ಇಡಿ ತಂದು ಮುಂದೆ 570ರ ಫಿಲ್ಟರ್ ಇಡಿ.

ಬಿಸಿಲಿನ ವಿಷಯ: ಅಂಬರ್ ಎಲ್‌ಇಡಿಯ (ನಿಮ್ಮ 600ರದ್ದು) ತರಂಗಾಂತರ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.1 ನ್ಯಾನೋಮೀಟರ್ ಉದ್ದವಾಗುತ್ತದೆ. ಬೆಳಕು ಮಂದವಾದದ್ದು ಭಾಗಾಕಾರದಲ್ಲಿ ಹೊರಟುಹೋಗುತ್ತದೆ, ತರಂಗಾಂತರ ಸರಿದದ್ದು ಹೋಗುವುದಿಲ್ಲ. ಫಿಲ್ಟರ್ ಇದನ್ನೂ ಬಹುಪಾಲು ಹಿಡಿದಿಡುತ್ತದೆ. ಅದನ್ನು ಸಮಾಂತರ ಕಿರಣದಲ್ಲಿ ನೇರವಾಗಿ ನಿಲ್ಲಿಸಿ. 10 ಡಿಗ್ರಿ ಓರೆಯಾದರೂ 600 ಇದ್ದದ್ದು 597 ಆಗಿಬಿಡುತ್ತದೆ.

ಮಡಗಾಂವ್ ನೇತ್ರ:
ಅಂಚಿನ 120 ಮತ್ತು 40 ಕಣ್ಣು ಕದಲಿದ್ದರ ಗುರುತು. ರೆಟಿನಾದ ಮೇಲೆ ಒಂದು ಡಿಗ್ರಿ ಎಂದರೆ ಸುಮಾರು 0.3 ಮಿಲಿಮೀಟರ್. ಅರ್ಧ ಡಿಗ್ರಿ ಸರಿದರೂ 150 ಮೈಕ್ರಾನ್ ಆಯಿತು, ದೊಡ್ಡ ಅಭಿಧಮನಿಯ ಅಗಲವೇ ಅಷ್ಟು. 570 ಮತ್ತು 600 ಬೆನ್ನಿಗೆ ಬೆನ್ನು ಬರಲಿ, ತಲಾ 10 ಮಿಲಿಸೆಕೆಂಡ್, ಎರಡೂ 100ರೊಳಗೆ ಮುಗಿಯಲಿ. ಬೆಳಕು ಬಿದ್ದು 200–250 ಮಿಲಿಸೆಕೆಂಡ್‌ಗೆ ಪಾಪೆ ಕುಗ್ಗಲು ಶುರುವಾಗುತ್ತದೆ. 460ರ ನೀಲಿಯನ್ನು ಕೊನೆಗೆ ಇಡಿ. ಆಮೇಲೆ ನಾಳಗಳ ಕವಲುಗಳನ್ನು ಹಿಡಿದು ಚಿತ್ರಗಳನ್ನು ಪಿಕ್ಸೆಲ್‌ಗಿಂತ ಸಣ್ಣ ಅಳತೆಯಲ್ಲಿ ಹೊಂದಿಸಿ.

850ರಲ್ಲಿ ಫೋಕಸ್ ಮಾಡಿ ಹಾಗೇ ಹಸಿರಿಗೆ ಹೋಗಬೇಡಿ. ಕಣ್ಣೇ ಬಣ್ಣಕ್ಕೊಂದು ಫೋಕಸ್ ಕೊಡುತ್ತದೆ, ಇವೆರಡರ ನಡುವಿನ ಅಂತರ ಒಂದು ಡಯಾಪ್ಟರಿಗೆ (ಕನ್ನಡಕದ ಪವರ್ ಅಳೆಯುವ ಮಾನ) ತುಸು ಕಡಿಮೆ. ಅಷ್ಟನ್ನು ಸರಿಪಡಿಸಿಯೇ ಚಿತ್ರ ತೆಗೆಯಿರಿ.

ಪೊರೆ ಇರುವ ಕಣ್ಣಲ್ಲಿ ಚದುರಿದ ಬೆಳಕು ಮುಸುಕಿನಂತೆ ಎಲ್ಲೆಡೆ ಸೇರುತ್ತದೆ. 570ರಲ್ಲಿ ಕಡುಕಪ್ಪಾಗಿರಬೇಕಾದ ನಾಳ ತಿಳಿಯಾಗಿ, ಮತ್ತೆ ಆಮ್ಲಜನಕ ಕಡಿಮೆ ಕಾಣುತ್ತದೆ. ಅದನ್ನು ರೋಗ ಎಂದು ಓದಿದರೆ ರೋಗಿಗೆ ಅನ್ಯಾಯ. ನಮ್ಮ ಕೊಂಕಣದ ಮಳೆಗಾಲದಲ್ಲಿ ಲೆನ್ಸಿಗೆ ಹಿಡಿಯುವ ಬೂಷ್ಟೂ ಇದನ್ನೇ ಮಾಡುತ್ತದೆ. ಬಳಸದಾಗ ಸಿಲಿಕಾ ಜೆಲ್ ಜೊತೆ ಮುಚ್ಚಿದ ಡಬ್ಬಿಯಲ್ಲಿಡಿ.

ಕೋಥ್ರೂಡ್ ಬೆಂಚ್:
ತುಂಬಾ ಉಪಕಾರವಾಯಿತು. ನಾಳದ ಹೊರಗಿನ ಬೆಳಕನ್ನು ಎಲ್ಲಿ ಅಳೆಯಬೇಕು? ಈಗ 8 ಬಿಟ್ ಜೆಪೆಗ್‌ನಲ್ಲೇ ಲೆಕ್ಕ ಮಾಡುತ್ತಿದ್ದೇವೆ.

ಮಾಟುಂಗಾವಾಸಿ:
ಜೆಪೆಗ್ ಇವತ್ತೇ ಬಿಡಿ. ಅದರಲ್ಲಿ ಗಾಮಾ ತಿದ್ದುಪಡಿ (ನೋಟಕ್ಕೆ ಚೆನ್ನಾಗಿರಲೆಂದು ಬೆಳಕಿನ ಅಂಕಿಗಳನ್ನು ಬದಲಿಸುವುದು) ಸೇರಿರುತ್ತದೆ, ಲಾಗ್ ತೆಗೆದಾಗ ಅನುಪಾತವೇ ಕೆಡುತ್ತದೆ. 12 ಬಿಟ್ ರಾ, ಅಂದರೆ ಸೆನ್ಸರ್ ಕೊಟ್ಟ ಹಸಿ ಅಂಕಿಗಳೇ ಬೇಕು. ಮೊದಲು ಕತ್ತಲೆಯ ಚಿತ್ರ ಕಳೆಯಿರಿ, ಆಮೇಲೆ ಮಾದರಿ ಕಣ್ಣಿನಲ್ಲಿ ಬಿಳಿ ಮಂಕುಹಲಗೆ ಇಟ್ಟು ತೆಗೆದ ಚಿತ್ರದಿಂದ ಭಾಗಿಸಿ. ಪ್ರತಿ ಬಣ್ಣಕ್ಕೂ ಬೇರೆ ಬೇರೆ.

ಹೊರಗಿನ ಬೆಳಕನ್ನು ನಾಳದ ಎರಡೂ ಬದಿ, ಅಂಚಿನಿಂದ ತುಸು ದೂರದಲ್ಲಿ ಅಳೆದು ಸರಾಸರಿ ಮಾಡಿ. ರಕ್ತಸ್ರಾವ, ಹಳದಿ ಕಲೆ ಇದ್ದ ಕಡೆ ಬೇಡ. ಅಪಧಮನಿಯ ನಡುವೆ ಹೊಳೆಯುವ ಬಿಳಿ ಗೆರೆ ಇರುತ್ತದೆ, ಅದು ಮೇಲ್ಮೈಯ ಪ್ರತಿಫಲನ. ಅದನ್ನು ಬಿಟ್ಟು ಅಡ್ಡಕೊಯ್ತದಲ್ಲಿ ಅತಿ ಕಪ್ಪಾದ ಬಿಂದು ತೆಗೆದುಕೊಳ್ಳಿ. ಅನುಪಾತವನ್ನು ಆಮ್ಲಜನಕದ ಶೇಕಡಾಕ್ಕೆ ತಿರುಗಿಸಲು ಬೇರೆ ಉಪಕರಣದ ಸ್ಥಿರಾಂಕಗಳನ್ನು ಎರವಲು ತಂದಿದ್ದರೆ ಅವನ್ನೂ ತೆಗೆಯಿರಿ, ನಿಮ್ಮ ಫಿಲ್ಟರ್‌ಗೆ ನಿಮ್ಮದೇ ಬೇಕು.

ಮನುಷ್ಯರ ಕಣ್ಣಿಗೆ ಹಿಡಿಯುವ ಮುನ್ನ ಕಾರ್ನಿಯಾ ಇರುವ ಜಾಗದಲ್ಲಿ ಪವರ್ ಮೀಟರ್ ಇಟ್ಟು ಕಣ್ಣಿನ ಉಪಕರಣಗಳ ಬೆಳಕಿನ ಸುರಕ್ಷತೆಯ ಮಾನಕ ಐಎಸ್‌ಒ 15004-2ರ ಮಿತಿಗೆ ಹೋಲಿಸಿ, ನೀತಿ ಸಮಿತಿಯ ಒಪ್ಪಿಗೆ ಪಡೆಯಿರಿ. ಎಲ್‌ಇಡಿ ನಂದಿಸುವ ಟೈಮರ್ ಸರ್ಕ್ಯೂಟಿನಲ್ಲೇ ಇರಲಿ. ಸಾಫ್ಟ್‌ವೇರ್ ಹ್ಯಾಂಗ್ ಆದರೂ 460ರ ದೀಪ ಉರಿಯುತ್ತ ಉಳಿಯಕೂಡದು.