2000 ಡಿಗ್ರಿ ದಾಟಿದ ಮೇಲೆ ಜಿರ್ಕೋನಿಯಾದ ಶಾಖ ಅಳೆಯುವುದು ಹೇಗೆ?

ನಮ್ಮ ಡಿಎಸ್‌ಸಿ (ಕಾಯಿಸುವಾಗ ಸ್ಯಾಂಪಲ್ ಎಷ್ಟು ಶಾಖ ಹೀರುತ್ತದೆ, ಬಿಡುತ್ತದೆ ಅಂತ ಅಳೆಯುವ ಉಪಕರಣ) 1500 ಡಿಗ್ರಿ ಸೆಲ್ಸಿಯಸ್‌ವರೆಗೆ ಹೋಗುತ್ತದೆ. ಶುದ್ಧ ಜಿರ್ಕೋನಿಯಾ (ಜಿರ್ಕೋನಿಯಂ ಆಕ್ಸೈಡ್) ಸುಮಾರು 1170ರಲ್ಲಿ ಮೊನೊಕ್ಲಿನಿಕ್ ಹರಳು ರಚನೆಯಿಂದ ಟೆಟ್ರಾಗೋನಲ್ ರಚನೆಗೆ ಬದಲಾಗುವ ಪೀಕ್ (ಗ್ರಾಫ್‌ನ ಏರು) ಚೆನ್ನಾಗಿಯೇ ಸಿಕ್ಕಿತು. ತಣಿಯುವಾಗ ಅದು ನೂರು ಡಿಗ್ರಿಗೂ ಜಾಸ್ತಿ ಕೆಳಗೆ ಬಂತು, ಅದು ಇರುವುದೇ ಹಾಗೆ. ಈಗ 2370ರ ಹತ್ತಿರ ಕ್ಯೂಬಿಕ್ ಆಗುವಾಗ ಎಷ್ಟು ಶಾಖ ಹೀರುತ್ತದೆ ಅಂತ ನೋಡಬೇಕು. ಯಾರಾದರೂ ಮಾಡಿದ್ದೀರಾ?

ಉತ್ತರ 1
ಡಿಎಸ್‌ಸಿ ಮರೆತುಬಿಡಿ. ಪ್ಲಾಟಿನಮ್ 1768ಕ್ಕೇ ಕರಗುತ್ತದೆ, ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಕ್ರೂಸಿಬಲ್, ಅಂದರೆ ಸ್ಯಾಂಪಲ್ ಇಡುವ ಪುಟ್ಟ ಪಾತ್ರೆ, 2054ಕ್ಕೆ. ಉಳಿಯುವುದು ಟಂಗ್‌ಸ್ಟನ್ ಕ್ರೂಸಿಬಲ್ ಹಾಕಿ, ಹೀಲಿಯಂ ಅಥವಾ ಆರ್ಗಾನ್ ಬಿಟ್ಟು ಮಾಡುವ ಡಿಟಿಎ (ಸ್ಯಾಂಪಲ್ಲನ್ನೂ ಬದಲಾಗದ ಇನ್ನೊಂದು ವಸ್ತುವನ್ನೂ ಒಟ್ಟಿಗೆ ಕಾಯಿಸಿ ತಾಪಮಾನದ ವ್ಯತ್ಯಾಸ ನೋಡುವ ವಿಧಾನ). ಚೂರು ಆಕ್ಸಿಜನ್ ಇದ್ದರೂ ಟಂಗ್‌ಸ್ಟನ್ ಆಕ್ಸೈಡ್ ಆಗಿ ಹಾರಿಹೋಗುತ್ತದೆ. ಆಕ್ಸಿಜನ್ ಪೂರ್ತಿ ತೆಗೆದರೆ ಜಿರ್ಕೋನಿಯಾವೇ ತನ್ನ ಆಕ್ಸಿಜನ್ ಕಳೆದುಕೊಂಡು ಕಪ್ಪಗಾಗುತ್ತದೆ. ಆಮೇಲೆ ನೀವು ಅಳೆಯುವುದು ನೀವು ಹಾಕಿದ ವಸ್ತುವನ್ನಲ್ಲ, ಅಲ್ವಾ? ನಾನು ಮೊದಲ ಸಲ ಕಪ್ಪಾದ ಸ್ಯಾಂಪಲ್‌ನ ಪೀಕ್ ನೋಡಿ ಒಂದು ವಾರ ಖುಷಿಯಲ್ಲಿದ್ದೆ. ಈಗ ಮುಂಚೆ, ಆಮೇಲೆ ಎರಡೂ ಸಲ ತೂಕ ನೋಡುತ್ತೇನೆ, ಎಕ್ಸ್‌ಆರ್‌ಡಿಯನ್ನೂ (ಎಕ್ಸ್-ರೇಯಿಂದ ಹರಳು ರಚನೆ ನೋಡುವ ಪರೀಕ್ಷೆ) ಮಾಡುತ್ತೇನೆ.

ಉತ್ತರ 2
ಕ್ಯಾಲಿಬ್ರೇಶನ್‌ಗೆ (ಉಪಕರಣದ ಅಳತೆ ಸರಿಹೊಂದಿಸಲು) ಅಲ್ಯೂಮಿನಾವನ್ನೇ ಕರಗಿಸಿ. ತಾಪಮಾನ ಗೊತ್ತು, ಕರಗುವ ಶಾಖ ಮೋಲ್‌ಗೆ ಸುಮಾರು 111 ಕಿಲೋಜೂಲ್. ತಾಪಮಾನ ಅಳೆಯುವ ಟಂಗ್‌ಸ್ಟನ್-ರೀನಿಯಂ ಥರ್ಮೋಕಪಲ್ ಇಷ್ಟು ಬಿಸಿಯಲ್ಲಿ ಮೆಲ್ಲಗೆ ದಾರಿ ತಪ್ಪುತ್ತದೆ, ಹಾಗಾಗಿ ಸ್ಯಾಂಪಲ್‌ಗೆ ಮೊದಲೂ ಆಮೇಲೂ ಮಾಡಿ. ವಿಕಿರಣದ ಶಾಖ ತಾಪಮಾನದ ನಾಲ್ಕನೇ ಘಾತದಂತೆ ಏರುವುದರಿಂದ ಬೇಸ್‌ಲೈನ್ (ಪೀಕ್ ಇಲ್ಲದ ಕಡೆಯ ಗೆರೆ) ಬಾಗುತ್ತದೆ, ಸಣ್ಣ ಪೀಕ್ ಅದರಲ್ಲೇ ಮುಳುಗಿಹೋಗಬಹುದು.

ಪ್ರಶ್ನೆ ಕೇಳಿದವರು
ಕ್ರೂಸಿಬಲ್ ಇಲ್ಲದೆ, ಲೇಸರ್‌ನಲ್ಲಿ ಕಾಯಿಸುತ್ತಾರಂತಲ್ಲ, ಅದು ಸುಲಭವೇ?

ಉತ್ತರ 3
ಸುಲಭ ಅಂತ ಹೇಳಲಾರೆ, ಆದರೆ ಕ್ರೂಸಿಬಲ್ ತಲೆನೋವು ಇಲ್ಲ. ಶಂಕುವಿನಾಕಾರದ ನಾಝಲ್‌ನಿಂದ ಗಾಳಿ ಊದಿ ಸಣ್ಣ ಮಣಿಯನ್ನು ತೇಲಿಸಿ, ಕಾರ್ಬನ್ ಡೈಆಕ್ಸೈಡ್ ಲೇಸರ್‌ನಲ್ಲಿ ಕಾಯಿಸುತ್ತಾರೆ. ಆಕ್ಸಿಜನ್ನನ್ನೇ ಊದಬಹುದು, ಮಣಿ ಕಪ್ಪಾಗುವ ಭಯ ಕಡಿಮೆ. ಮಣಿ ಕರಗಿದ ಮೇಲೆ ಲೇಸರ್ ಆಫ್ ಮಾಡಿ ಪೈರೋಮೀಟರ್ (ಹೊಮ್ಮುವ ಬೆಳಕಿನಿಂದ ತಾಪಮಾನ ಅಳೆಯುವ ಸಾಧನ) ನೋಡಿದರೆ ದ್ರವದ ತಾಪಮಾನ ತನ್ನ ಕರಗುವ ಬಿಂದುವಿಗಿಂತ ಕೆಳಕ್ಕೆ ಇಳಿದು, ಗಟ್ಟಿಯಾಗುವಾಗ ಫಕ್ಕನೆ ಮೇಲೆ ಜಿಗಿಯುತ್ತದೆ. ನೋಡಲು ಬಲು ಚೆಂದ! ಆದರೆ ಅದರಿಂದ ಸಿಗುವುದು ತಾಪಮಾನ, ಶಾಖವಲ್ಲ.

ಶಾಖ ಬೇಕಾದರೆ ಮಣಿಯನ್ನು ಕ್ಯಾಲೊರಿಮೀಟರ್‌ಗೆ (ಶಾಖ ಅಳೆಯುವ ಸಾಧನಕ್ಕೆ) ಬೀಳಿಸಿ, ಬಿದ್ದ ಕೂಡಲೇ ತಂಪಾದ ಲೋಹದ ತಟ್ಟೆಗಳ ನಡುವೆ ಹಿಡಿಯಬೇಕು. ಬೇರೆ ಬೇರೆ ತಾಪಮಾನದಿಂದ ಹತ್ತಾರು ಸಲ ಬೀಳಿಸಿ ಗ್ರಾಫ್ ಹಾಕಿ, 2370ರ ಕೆಳಗಿನ ಗೆರೆಗೂ ಮೇಲಿನ ಗೆರೆಗೂ ನಡುವಿನ ಜಿಗಿತವೇ ನಿಮ್ಮ ಉತ್ತರ. ಒಂದು ಎಚ್ಚರಿಕೆ: ಲೇಸರ್ ಮೇಲಿನಿಂದ ಮಾತ್ರ ಬಿದ್ದರೆ ಮಣಿಯ ತಳ ತಣ್ಣಗಿರುತ್ತದೆ, ಪೈರೋಮೀಟರ್ ನೋಡುವುದು ಮಾತ್ರ ಬಿಸಿ ತಲೆಯನ್ನು.

ಪ್ರಶ್ನೆ ಕೇಳಿದವರು
ಹಾಗಾದರೆ ಮೊದಲು ಟಂಗ್‌ಸ್ಟನ್‌ನಲ್ಲಿ ಅಲ್ಯೂಮಿನಾ ಕರಗಿಸಿ ನೋಡುತ್ತೇನೆ. ಮಣಿ ಆಮೇಲೆ.